ಹೆಸರು ಹೇಳದ ಪ್ರಾರ್ಥನೆ

ಗಂಜಿ ಹಾಕಿದ ಹಸಿ ಬಟ್ಟೆಯ ಮೇಲೆ ಕಾದ ಇಸ್ತ್ರಿಪೆಟ್ಟಿಗೆ ಇಟ್ಟಾಗ ಒಂದು ವಾಸನೆ ಏಳುತ್ತದೆ. ಅರ್ಧ ಬೆಂದ ಹಿಟ್ಟಿನದು, ಅರ್ಧ ಇದ್ದಿಲಿನದು. ಭಾನುವಾರ ಎಂದರೆ ನನಗೆ ಇವತ್ತಿಗೂ ಆ ವಾಸನೆಯೇ, ಅದು ಏಳುತ್ತಿದ್ದದ್ದು ಶನಿವಾರ ಮಧ್ಯಾಹ್ನವಾದರೂ. ನನ್ನ ತಾಯಿ ಸಭೆಯ, ಅಂದರೆ ನಮ್ಮ ಚರ್ಚಿನ, ಮೇಜಿನ ಬಟ್ಟೆ ಒಗೆಯುತ್ತಿದ್ದಳು. ಕರ್ತನ ಭೋಜನದ ರೊಟ್ಟಿಯನ್ನೂ ದ್ರಾಕ್ಷಾರಸದ ಬಟ್ಟಲನ್ನೂ ಇಡುವ ಉದ್ದನೆಯ ಬಿಳಿ ಬಟ್ಟೆ ಅದು. ಅದಕ್ಕೆ ಅವಳದೇ ಎರಡು ಕಟ್ಟಳೆಗಳಿದ್ದವು. ದ್ರಾಕ್ಷಾರಸದ ಕಲೆ ಬಿಟ್ಟ ಮೊದಲ ನೀರನ್ನು ಮೋರಿಗೆ ಚೆಲ್ಲುವಂತಿಲ್ಲ, ಗಿಡದ ಬುಡಕ್ಕೆ ಹಾಕಬೇಕು. ಮತ್ತೆ, ಬಟ್ಟೆ ಕೈಯಲ್ಲಿರುವಷ್ಟು ಹೊತ್ತು ಎದುರಿಗೆ ಇಲ್ಲದವರ ಮಾತು ಆಡುವಂತಿಲ್ಲ. “ಬಿಸಿಲಿನ ಮಾತಾಡು, ಹಲ್ಲುನೋವಿನ ಮಾತಾಡು, ಬೇಕಾದ್ರೆ ಹಾಡು. ಇಲ್ಲದವರ ಸುದ್ದಿ ಬೇಡ” ಎನ್ನುತ್ತಿದ್ದಳು. ಸಹಾಯಕ್ಕೆ ಬಂದ ಪಕ್ಕದ ಮನೆಯಾಕೆ ಅರ್ಧ ಗಂಟೆಯಲ್ಲೇ ಬೇಸರವಾಗಿ ಎದ್ದು ಹೋಗುತ್ತಿದ್ದಳು.

ತಾಯಿಯ ನಂತರ ಆ ಕೆಲಸ ನನಗೆ ಬಂತು. ಇದ್ದಿಲಿನ ಪೆಟ್ಟಿಗೆ ಹೋಗಿ ವಿದ್ಯುತ್ತಿನದು ಬಂತು. ಮದುವೆಯಾಗಿ ಬೇರೆ ಊರಿಗೆ, ಬೇರೆ ಸಭೆಗೆ ಬಂದೆ. ಬಟ್ಟೆ ಮಾತ್ರ ಇಲ್ಲಿಯೂ ಅಂಥದ್ದೇ: ಹನ್ನೆರಡು ಅಡಿ ಉದ್ದ, ಒಬ್ಬರ ಕೈಯಲ್ಲಿ ಮಡಿಚಲಾಗದ್ದು. ಇಪ್ಪತ್ತೊಂಬತ್ತು ವರ್ಷಗಳಿಂದ ಅದರ ಇನ್ನೊಂದು ತುದಿ ಹಿಡಿದವಳು ಗಂಜಿ ಅಕ್ಕ.

ಅವಳು ನನಗಿಂತ ಎರಡು ವರ್ಷಕ್ಕೆ ದೊಡ್ಡವಳು, ಶಾಲೆಯೊಂದರಲ್ಲಿ ಹೊಲಿಗೆ ಕಲಿಸಿ ನಿವೃತ್ತಳಾದವಳು. ಕರವಸ್ತ್ರಕ್ಕೂ ಬಿಡದೆ ಗಂಜಿ ಹಾಕುತ್ತಾಳೆಂದು ಅವಳ ವಿದ್ಯಾರ್ಥಿನಿಯರು ಇಟ್ಟ ಹೆಸರು ಊರಿಗೆಲ್ಲ ಅಂಟಿಕೊಂಡಿತ್ತು. “ಇವಳು ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡ್ರೆ ಸೊಂಟ ಬಗ್ಗಲ್ಲ, ಮಂಡಿಯೂರಿ ಪ್ರಾರ್ಥನೆ ಮಾಡೋದು ಹೇಗೆ?” ಎಂದು ಅವಳ ಗಂಡ ಎಲ್ಲರನ್ನೂ ನಗಿಸುತ್ತಿದ್ದರು. ನನ್ನ ಗಂಡ ತೀರಿಕೊಂಡಾಗ ಅಕ್ಕ ಒಂದು ತಿಂಗಳು ನನ್ನ ಮನೆಯಲ್ಲೇ ಉಳಿದಳು. ಏನು ಹೇಳಬೇಕೆಂದು ತೋಚದೆ ನನ್ನ ಕಾಲುಚೀಲಗಳಿಗೆಲ್ಲ ಇಸ್ತ್ರಿ ಹಾಕಿಟ್ಟಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಓದಿ ಅವಳು ಕೆಟ್ಟವಳೆಂದು ಯಾರೂ ತಿಳಿಯಬಾರದು.

ನನಗೆ ಒಬ್ಬಳೇ ಮಗಳು. ವಯಸ್ಸು ಮೂವತ್ತನಾಲ್ಕು. ಮೂರು ವರ್ಷಗಳ ಹಿಂದೆ ದೂರದ ಊರಿನಲ್ಲಿ ಕೆಲಸದಲ್ಲಿದ್ದಾಗ ಅವಳ ಮನಸ್ಸು ಮುರಿದುಬಿದ್ದಿತ್ತು. ಏಳು ವಾರ ಆಸ್ಪತ್ರೆಯಲ್ಲಿದ್ದಳು. ಆಮೇಲೆ ನನ್ನ ಮನೆಗೆ ಬಂದಳು. ಬೆಳಗ್ಗೆ ಕಾಫಿಯ ಜೊತೆ ಒಂದು ಬಿಳಿ ಮಾತ್ರೆ. ಅದೊಂದನ್ನು ಬಿಟ್ಟರೆ ಅವಳಿಗೂ ನನಗೂ ವ್ಯತ್ಯಾಸವಿರಲಿಲ್ಲ. ನನಗೇ ನಾಲ್ಕು ಮಾತ್ರೆಗಳಿದ್ದವು.

“ಅಮ್ಮ, ಇದು ನನಗೂ ನಿನಗೂ ಮಾತ್ರ ಗೊತ್ತಿರ್ಲಿ” ಎಂದು ಬಂದ ದಿನವೇ ಹೇಳಿದ್ದಳು. “ಯಾರಿಗೂ ಹೇಳ್ಬೇಡ. ಒಳ್ಳೆಯವರಿಗೂ ಹೇಳ್ಬೇಡ.”

“ನಾನು ಲೈಬ್ರರಿಯವಳು ಕಣೇ” ಎಂದೆ. ಕಾಲೇಜಿನ ಗ್ರಂಥಾಲಯದಲ್ಲಿ ಮೂವತ್ತು ವರ್ಷ ಕೂತವಳು ನಾನು. ಯಾವ ಹುಡುಗಿ ಯಾವ ಪುಸ್ತಕ ಒಯ್ದಳೆಂದು ಅವಳ ಅಪ್ಪ ಬಂದು ಕೇಳಿದರೂ ಬಾಯಿ ಬಿಟ್ಟವಳಲ್ಲ.

ಸಭೆಯ ಕಟ್ಟಡದ ಹಿಂದೆ ನಮ್ಮದೊಂದು ಸಣ್ಣ ಶಿಶುವಿಹಾರವಿದೆ. ಅಲ್ಲಿ ಮಗಳಿಗೆ ಕೆಲಸ ಸಿಕ್ಕಿತು. ಓದಲು ಬಾರದ ಮಕ್ಕಳು ತಮ್ಮ ಚೀಲದ ಗೂಟ ಗುರುತಿಸಲೆಂದು ಪ್ರತಿ ಗೂಟದ ಮೇಲೂ ಒಂದೊಂದು ಚಿತ್ರ ಬರೆದಳು: ಮೀನು, ಕೊಡೆ, ಡೋಲು, ಕನ್ನಡಕ. ಹೊಸ ಮಗು ಅಳುತ್ತ ಬಂದರೆ “ಮಿಸ್‌ಗೆ ಗೂಟದ ಚಿತ್ರ ತೋಚ್ತಾ ಇಲ್ಲ, ನೀನೇ ಹೇಳಿಬಿಡು” ಎನ್ನುತ್ತಿದ್ದಳು. ಮಗು ಯೋಚಿಸಲು ಶುರುಮಾಡಿ ಅಳು ಮರೆಯುತ್ತಿತ್ತು. ಅವಳು ಮತ್ತೆ ನಗಲು ಶುರುಮಾಡಿದ್ದು ಆ ಕೋಣೆಯಲ್ಲೇ. ಮನೆಗೆ ಬಂದು ಮಕ್ಕಳ ದನಿಯಲ್ಲಿ ಮಾತಾಡಿ ನನ್ನನ್ನೂ ನಗಿಸುತ್ತಿದ್ದಳು.

ಈ ವರ್ಷದ ಆರಂಭದಲ್ಲಿ ವೈದ್ಯರು ಮಾತ್ರೆ ಬದಲಾಯಿಸಿದರು. ಹೊಸದು ಒಗ್ಗುವವರೆಗೆ ಅವಳ ಕೈ ಸ್ವಲ್ಪ ನಡುಗುತ್ತಿತ್ತು, ಅಷ್ಟೇ. ನಾನು ಮಾತ್ರ ಹಳೆಯ ಏಳು ವಾರ ನೆನಪಾಗಿ ರಾತ್ರಿ ಎದ್ದೆದ್ದು ಅವಳ ಕೋಣೆಗೆ ಇಣುಕುತ್ತಿದ್ದೆ. ಆ ಶನಿವಾರ ಸಭೆಯ ಹಿಂದಿನ ಕೋಣೆಯಲ್ಲಿ ನಾನೂ ಗಂಜಿ ಅಕ್ಕನೂ ಬಟ್ಟೆಗೆ ನೀರು ಚಿಮುಕಿಸುತ್ತಿದ್ದೆವು. ನಾನು ಒಂದೇ ಕಡೆ ಮೂರು ಸಲ ಚಿಮುಕಿಸಿದೆ.

“ಏನಾಗಿದೆಯೇ ನಿನಗೆ? ಬಟ್ಟೆಗೆ ಸ್ನಾನ ಮಾಡಿಸ್ತಿದ್ದೀಯಲ್ಲ” ಎಂದಳು ಅಕ್ಕ.

“ಏನಿಲ್ಲ.”

“ಏನಿಲ್ಲ ಅಂದ್ರೆ ಏನೋ ಇದೆ. ಹೇಳು, ಒಟ್ಟಿಗೆ ಪ್ರಾರ್ಥನೆ ಮಾಡೋಣ. ಒಬ್ಬಳೇ ಯಾಕೆ ಹೊರ್ತೀಯ?”

ಬಟ್ಟೆ ಕೈಯಲ್ಲಿತ್ತು. ನನ್ನ ತಾಯಿಯ ಕಟ್ಟಳೆ ನನಗೆ ನೆನಪಾಗಲಿಲ್ಲವೆಂದರೆ ಸುಳ್ಳಾಗುತ್ತದೆ. ನೆನಪಾಯಿತು, ಇದು ಸುದ್ದಿಯಲ್ಲ, ಪ್ರಾರ್ಥನೆ ಎಂದುಕೊಂಡೆ. ಆಸ್ಪತ್ರೆ, ಮಾತ್ರೆ, ನಡುಗುವ ಕೈ ಎಲ್ಲವನ್ನೂ ಹೇಳಿದೆ. ಅಕ್ಕ ಇಸ್ತ್ರಿಯ ಗುಂಡಿ ಆರಿಸಿ ನನ್ನ ಪಕ್ಕದಲ್ಲಿ ಮಂಡಿಯೂರಿ ಕಣ್ಣೀರಿಟ್ಟು ಪ್ರಾರ್ಥಿಸಿದಳು. ನಾನು ಹಗುರವಾಗಿ ಮನೆಗೆ ಹೋದೆ. ದಾರಿಯಲ್ಲಿ ಹೂ ಕೊಂಡದ್ದೂ ನೆನಪಿದೆ.

ಬುಧವಾರ ಸ್ತ್ರೀಯರ ಕೂಟ. ಅಲ್ಲಿ ಪ್ರಾರ್ಥನಾ ವಿಷಯಗಳನ್ನು ಒಬ್ಬೊಬ್ಬರೇ ಹೇಳುತ್ತಾರೆ: ಯಾರದೋ ಮೊಣಕಾಲು, ಯಾರದೋ ಮಗನ ಪರೀಕ್ಷೆ. ಗುಟ್ಟಿನ ವಿಷಯವಾದರೆ ಹೆಸರು ಹೇಳದೆ “ಒಬ್ಬ ಸಹೋದರಿ” ಎನ್ನುವುದು ಪದ್ಧತಿ. ಗಂಜಿ ಅಕ್ಕನ ಸರದಿ ಬಂದಾಗ ನಾನು ಕಣ್ಣು ಮುಚ್ಚಿ ನೆಮ್ಮದಿಯಾಗಿ ಕೂತಿದ್ದೆ.

“ಕರ್ತನೇ, ನಮ್ಮಲ್ಲಿ ಒಬ್ಬ ಸಹೋದರಿಯ ಮಗಳನ್ನ ನಿನ್ನ ಕೈಗೆ ಒಪ್ಪಿಸ್ತೀವಿ. ಅವಳ ಹೆಸರು ನೀನು ಬಲ್ಲೆ. ಪುಟ್ಟ ಮಕ್ಕಳ ನಡುವೆ ದಿನಾ ಕೂರುವ ಆ ಮಗಳ ಮನಸ್ಸಿನ ಕಾಯಿಲೆಯನ್ನ ಮುಟ್ಟು. ಆಸ್ಪತ್ರೆಯ ಆ ಏಳು ವಾರ ಮತ್ತೆ ಬಾರದಿರಲಿ. ನಡುಗುವ ಆ ಕೈಗಳನ್ನ ನೀನೇ ಹಿಡಿ.”

ಸುತ್ತಲೂ ಹದಿಮೂರು ಹೆಂಗಸರು ಆಮೆನ್ ಎಂದರು. ನಾನು ಕಣ್ಣು ತೆರೆದೆ. ಎದುರಿನ ಬೆಂಚಿನಲ್ಲಿ ಇನ್ನೊಬ್ಬಾಕೆಯ ಕಣ್ಣೂ ತೆರೆದಿತ್ತು. ಅವಳ ಮಗು ಕೊಡೆಯ ಚಿತ್ರದ ಗೂಟದ್ದು. ಅವಳು ನನ್ನನ್ನು ನೋಡಿ ಮೆಲ್ಲಗೆ ತಲೆಯಾಡಿಸಿದಳು, ಸಾವಿನ ಮನೆಯಲ್ಲಿ ಮಾಡುವ ಹಾಗೆ. ಹೊರಡುವಾಗ ಇಬ್ಬರು ನನ್ನ ಕೈ ಒತ್ತಿದರು. ಒಬ್ಬರು ತಮ್ಮ ಕೊಡೆ ನನಗೆ ಕೊಟ್ಟು ತಾವು ಬಿಸಿಲಿನಲ್ಲಿ ಹೋದರು. ಅವರೆಲ್ಲರ ಪ್ರೀತಿ ನಿಜವೇ. ಆ ಪ್ರೀತಿಯಿಂದ ತಪ್ಪಿಸಿಕೊಳ್ಳಲು ನನಗೆ ದಾರಿಯಿರಲಿಲ್ಲ.

ಮಗಳಿಗೆ ಆ ದಿನವೇ ಹೇಳಬೇಕಿತ್ತು. ಹೇಳಲಿಲ್ಲ. ಯಾರಿಗೂ ಗೊತ್ತಾಗಿರಲಾರದು, ಗೊತ್ತಾದವರು ಸುಮ್ಮನಿರುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಸೋಮವಾರ ಕೊಡೆಯ ಗೂಟ ಖಾಲಿ. ಮಂಗಳವಾರ ಮೀನು, ಡೋಲು. ಗುರುವಾರ ಪಾಸ್ಟರ್ ನನ್ನ ಮಗಳನ್ನು ಕರೆದು ಮಾತಾಡಿದರು. ಆಮೇಲೆ ನನಗೂ ಫೋನ್ ಮಾಡಿದರು. “ಯಾರೂ ತಪ್ಪು ತಿಳ್ಕೊಂಡಿಲ್ಲಮ್ಮ. ಎಲ್ಲರಿಗೂ ಅವಳ ಮೇಲೆ ಪ್ರೀತಿಯೇ. ಸ್ವಲ್ಪ ದಿನ ವಿಶ್ರಾಂತಿ ತಗೊಳ್ಲಿ. ಪೂರ್ತಿ ಗುಣ ಆದಮೇಲೆ ಸಭೆಯ ಮುಂದೆ ನಿಂತು ದೇವರು ಹೇಗೆ ವಾಸಿಮಾಡಿದ ಅಂತ ಸಾಕ್ಷಿ ಹೇಳ್ಲಿ, ಎಷ್ಟೋ ಜನಕ್ಕೆ ಧೈರ್ಯ ಬರುತ್ತೆ.”

“ಅವಳು ಗುಣವಾಗೇ ಇದ್ದಾಳೆ, ಪಾಸ್ಟರ್” ಎಂದೆ.

“ನಂಬಿಕೆಯಿಂದ ಹಾಗೇ ಹೇಳ್ತಾ ಇರಿ” ಎಂದರು.

ಮಗಳು ಮಧ್ಯಾಹ್ನವೇ ಮನೆಗೆ ಬಂದಳು. ಚಪ್ಪಲಿ ಬಿಡದೆ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ನಾನು ಪಾತ್ರೆ ಒರೆಸುತ್ತಿದ್ದೆ.

“ಅಮ್ಮ, ಏಳು ವಾರ ಅಂತ ಕೂಡ ಗೊತ್ತಿದೆ ಪಾಸ್ಟರ್‌ಗೆ.”

ನಾನು ಪಾತ್ರೆಯನ್ನು ಇನ್ನೂ ಒರೆಸುತ್ತಲೇ ಇದ್ದೆ. “ಗಂಜಿ ಅಕ್ಕ ಹೀಗೆ ಮಾಡ್ತಾಳೆ ಅಂತ ನಾನು ಕನಸಲ್ಲೂ ಎಣಿಸಿರಲಿಲ್ಲ” ಎಂದೆ.

“ಗಂಜಿ ಅತ್ತೆಗೆ ಹೇಳಿದ್ದು ಯಾರು?”

“ಅವಳು ಕೂಟದಲ್ಲಿ ಹೇಳಿಬಿಡ್ತಾಳೆ ಅಂತ...”

“ಅವರಿಗೆ ಹೇಳಿದ್ದು ಯಾರು, ಅಮ್ಮ?”

“ಪ್ರಾರ್ಥನೆಗೆ ಅಂತ ಹೇಳಿದೆ ಕಣೇ. ನಿನ್ನ ಒಳ್ಳೇದಕ್ಕೇ.”

ಅವಳು ಕಿರುಚಲಿಲ್ಲ. ಕಿರುಚಿದ್ದರೆ ನಾನೂ ಅತ್ತು, ಇಬ್ಬರೂ ಸುಸ್ತಾಗಿ, ಏನಾದರೂ ತಿಂದು ಮಲಗಬಹುದಿತ್ತು. “ಪ್ರಾರ್ಥನೆ ನಾನೇ ಮಾಡ್ಕೊಳ್ತೀನಿ. ನೀನು ಸುಮ್ಮನಿರೋದು ಒಂದೇ ನಾನು ಕೇಳಿದ್ದು” ಎಂದಳು. ಭಾನುವಾರದೊಳಗೆ ದರ್ಜಿ ಅಂಗಡಿಯ ಮಹಡಿಯ ಮೇಲೆ ಒಂದು ಕೋಣೆ ಹಿಡಿದಳು. ಮುಂದಿನ ವಾರದಿಂದ ಬಸ್ ಡಿಪೋದ ಕ್ಯಾಂಟೀನಿನಲ್ಲಿ ಊಟ ಬಡಿಸುವ ಕೆಲಸಕ್ಕೆ ಹೋದಳೆಂದು ಅದೇ ದರ್ಜಿಯಿಂದ ತಿಳಿಯಿತು. ನನ್ನ ಫೋನನ್ನು ಅವಳು ಎತ್ತಲಿಲ್ಲ. ಬೆಳಗ್ಗೆ ಎರಡು ಲೋಟ ಕಾಫಿ ಮಾಡಿ, ಒಂದನ್ನು ಆರಿದ ಮೇಲೆ ಚೆಲ್ಲುವುದು ನನಗೆ ಅಭ್ಯಾಸವಾಯಿತು.

ಎರಡು ಶನಿವಾರ ನಾನು ಸಭೆಯ ಕಡೆ ಹೋಗಲಿಲ್ಲ. ಮೂರನೆಯ ಶನಿವಾರ ಹೋದೆ, ಬಟ್ಟೆಯ ಮೇಲಿನ ಪ್ರೀತಿಗಲ್ಲ. ಅಕ್ಕನಿಗೆ ಹೇಳಬೇಕಾದ ಮಾತುಗಳಿದ್ದವು.

ಅವಳು ಒಬ್ಬಳೇ ಇಸ್ತ್ರಿ ಮುಗಿಸಿ, ಮಡಿಚಲಾಗದೆ ಬಟ್ಟೆಯನ್ನು ಮೇಜಿನ ಮೇಲೆ ಹಾಸಿ ಕೂತಿದ್ದಳು. ನನ್ನನ್ನು ನೋಡಿ ಎದ್ದು ತನ್ನ ತುದಿ ಹಿಡಿದಳು. ನಾನು ನನ್ನ ತುದಿ ಹಿಡಿದೆ. ಉದ್ದಕ್ಕೆ ಎರಡು ಮಡಿಕೆ ಹಾಕಿದ ಮೇಲೆ ಒಬ್ಬರೆಡೆಗೆ ಒಬ್ಬರು ನಡೆದು, ಅಂಚಿಗೆ ಅಂಚು ಸೇರಿಸಿ, ನನ್ನ ತುದಿಯನ್ನು ಅವಳ ಕೈಗೆ ಕೊಡಬೇಕು. ನಾನು ನಡೆಯಲಿಲ್ಲ.

“ನನ್ನ ಮಗಳ ಕೆಲಸ ಹೋಯ್ತು. ಮನೆ ಬಿಟ್ಟು ಹೋದ್ಲು” ಎಂದೆ.

“ಗೊತ್ತು.”

“ಯಾರಿಂದ ಅಂತ ಗೊತ್ತಾ?”

“ನಾನು ಹೆಸರು ಹೇಳಲಿಲ್ಲ ಕಣೇ.”

“ಪುಟ್ಟ ಮಕ್ಕಳ ನಡುವೆ ಕೂರೋ ಮಗಳು ಅಂದ್ರೆ ನಮ್ಮ ಸಭೆಯಲ್ಲಿ ಎಷ್ಟು ಜನ ಇದ್ದಾರೆ? ಅವಳ ರವಿಕೆಯ ಬಣ್ಣ ಒಂದು ಹೇಳೋದು ಬಾಕಿ ಇತ್ತು.”

ಅವಳ ಕೈಯಲ್ಲಿ ಬಟ್ಟೆ ಸಡಿಲವಾಗಿ ನೆಲಕ್ಕೆ ತಾಗುವಂತಾಯಿತು. ತಕ್ಷಣ ಎತ್ತಿಕೊಂಡಳು, ಆ ದುಃಖದಲ್ಲೂ ಅದಕ್ಕೆ ಮಣ್ಣು ತಾಗಗೊಡಲಿಲ್ಲ. “ಒಬ್ಬಳ ಪ್ರಾರ್ಥನೆ ಸಾಲಲ್ಲ ಅನ್ನಿಸ್ತು. ಹದಿಮೂರು ಜನ ಕೇಳಿದ್ರೆ ದೇವರು ಬೇಗ ಕೇಳಿಸ್ಕೊಳ್ತಾನೆ ಅಂದ್ಕೊಂಡೆ. ಅವಳ ಒಳ್ಳೇದಕ್ಕೇ ಹೇಳಿದ್ದು.”

ಆ ಕೊನೆಯ ಮಾತನ್ನು ನಾನು ಎಲ್ಲೋ ಕೇಳಿದ್ದೆ. ನನ್ನ ಅಡುಗೆಮನೆಯಲ್ಲಿ, ಪಾತ್ರೆ ಒರೆಸುತ್ತ, ನನ್ನದೇ ದನಿಯಲ್ಲಿ. ಅಕ್ಕನ ಬಾಯಲ್ಲಿ ಅದು ಎಷ್ಟು ಅಗ್ಗವಾಗಿ ಕೇಳಿಸಿತೋ ಮಗಳ ಕಿವಿಗೂ ಅಷ್ಟೇ ಅಗ್ಗವಾಗಿ ಕೇಳಿಸಿರಬೇಕು. ಅಕ್ಕ ನನಗೆ ದ್ರೋಹ ಮಾಡಿದಳೆಂದು ಮೂರು ವಾರದಿಂದ ಉರಿಯುತ್ತಿದ್ದೆ. ಅವಳು ಹಂಚಿದ್ದು ನಾನು ಮೊದಲೇ ಕದ್ದು ತಂದಿದ್ದ ಮಾಲನ್ನು. ಇದು ತಿಳಿದಾಗ ಅವಳ ಮೇಲಿನ ಸಿಟ್ಟು ಇಳಿಯುತ್ತದೆಂದು ನೀವು ಎಣಿಸಬಹುದು. ಇಳಿಯಲಿಲ್ಲ. ಜೊತೆಗೆ ಇನ್ನೊಂದು ಸೇರಿಕೊಂಡಿತು, ಅಷ್ಟೇ.

ಅಕ್ಕ ಮೂಗು ಒರೆಸಿಕೊಂಡಳು. “ನಾಳೆ ಸಭೆಯ ಮುಂದೆ ನಿಂತು ಕ್ಷಮೆ ಕೇಳ್ತೀನಿ. ಎಲ್ಲರೆದುರಿಗೂ.”

“ಏನಂತ ಕೇಳ್ತೀಯ?”

“ನಿನ್ನ ಮಗಳ ವಿಷಯ ನಾನು...” ಎಂದವಳು ಅರ್ಧಕ್ಕೆ ನಿಲ್ಲಿಸಿದಳು.

“ಹೂಂ. ಹೆಂಗಸರಿಗೆ ಮಾತ್ರ ಗೊತ್ತಿರೋದು ಆಮೇಲೆ ಗಂಡಸರಿಗೂ ಗೊತ್ತಾಗ್ಲಿ. ಸಂಡೇ ಸ್ಕೂಲಿನ ಮಕ್ಕಳು ಮಾತ್ರ ಯಾಕೆ ಬಿಟ್ಟುಹೋಗ್ಬೇಕು?”

“ಮತ್ತೆ ನಾನೇನು ಮಾಡ್ಲಿ ಹೇಳು?” ಅಕ್ಕನಿಗೆ ಎಪ್ಪತ್ತಮೂರು. ಆ ಕ್ಷಣ ಏಳು ವರ್ಷದವಳ ಹಾಗೆ ಕಂಡಳು.

“ಸುಮ್ಮನಿರು, ಅಕ್ಕ. ಬಾಯಿ ಮುಚ್ಚಿಕೊಂಡು ಪ್ರಾರ್ಥನೆ ಮಾಡು. ಸಾಧ್ಯ ಆದ್ರೆ ಆ ಮಕ್ಕಳ ತಾಯಂದಿರ ಒಬ್ಬೊಬ್ಬರ ಮನೆಗೂ ಹೋಗಿ, ಹೇಳಬಾರದ್ದನ್ನ ಹೇಳಿದೆ, ಇಲ್ಲಿಗೆ ಬಿಡಿ ಅಂತ ಕೇಳ್ಕೋ. ಅವಳ ಬಗ್ಗೆ ಮತ್ತೆ ಒಂದು ಮಾತೂ ಬೇಡ.”

ಅವಳು ತಲೆಯಾಡಿಸಿದಳು. ನಾನು ನಡೆದುಹೋಗಿ ನನ್ನ ತುದಿಯನ್ನು ಅವಳ ಕೈಗೆ ಕೊಟ್ಟೆ. ಅವಳ ಬೆರಳು ತಾಗದಂತೆ ಕೊಟ್ಟೆ. ಅಷ್ಟು ಮಾತ್ರ ನನ್ನಿಂದಾಯಿತು.

ಮರುದಿನ ಆರಾಧನೆಯಲ್ಲಿ ಕರ್ತನ ಪ್ರಾರ್ಥನೆ ಹೇಳುವಾಗ ‘ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ’ ಎಂಬ ಸಾಲಿನ ಹತ್ತಿರ ನನ್ನ ಬಾಯಿ ತಾನಾಗಿ ಮುಚ್ಚಿಕೊಂಡಿತು. ರೊಟ್ಟಿಯ ತಟ್ಟೆ ನನ್ನ ಬೆಂಚಿಗೆ ಬಂದಾಗ ತೆಗೆದುಕೊಳ್ಳದೆ ಪಕ್ಕದವರಿಗೆ ದಾಟಿಸಿದೆ. ನಲವತ್ತು ವರ್ಷಗಳಲ್ಲಿ ಮೊದಲ ಸಲ. ಪಕ್ಕದ ಮುದುಕರು ತಮ್ಮ ತುಂಡನ್ನು ಬಾಯಿಗಿಡದೆ ನನ್ನನ್ನೇ ನೋಡಿದರು. ಆಮೇಲೆ ಹಾಡಿನ ಪುಸ್ತಕವನ್ನು ನನಗೂ ಕಾಣುವಂತೆ ಸ್ವಲ್ಪ ಇತ್ತ ಸರಿಸಿದರು. ನನ್ನಿಂದ ನೊಂದವಳ ಹತ್ತಿರ ಹೋಗದೆ ಆ ರೊಟ್ಟಿ ಮುಟ್ಟುವಂತಿರಲಿಲ್ಲ, ಮೊದಲು ಮಾಡಬೇಕಾದ ಕೆಲಸ ಅದು.

ಸೋಮವಾರ ಮಧ್ಯಾಹ್ನ ಡಿಪೋಗೆ ಹೋದೆ. ಕ್ಯಾಂಟೀನು ಅಂದರೆ ತಗಡಿನ ಚಾವಣಿಯ ಉದ್ದನೆಯ ಕೋಣೆ. ಒಂದು ತುದಿಯಲ್ಲಿ ಕಟ್ಟೆ, ಅದರ ಹಿಂದೆ ಆವಿ. ಕಟ್ಟೆಯ ಮುಂದೆ ಕೈಗೆಲ್ಲ ಗ್ರೀಸು ಮೆತ್ತಿಕೊಂಡ ಮೆಕ್ಯಾನಿಕ್ಕುಗಳೂ ಚಾಲಕರೂ ಸಾಲು ನಿಂತಿದ್ದರು. ಆವಿಯ ಆಚೆ ತಲೆಗೆ ಬಿಳಿ ಬಟ್ಟೆ ಕಟ್ಟಿಕೊಂಡು ಸೌಟು ಹಿಡಿದವಳು ನನ್ನ ಮಗಳು. ಕೈ ನಡುಗುತ್ತಿರಲಿಲ್ಲ. ನಾನು ಸಾಲಿನ ಕೊನೆಯಲ್ಲಿ ನಿಂತೆ.

“ಏನಜ್ಜಿ, ಯಾವ ಬಸ್ಸು ರಿಪೇರಿಗೆ ತಂದಿದ್ದೀರಿ?” ಎಂದ ನನ್ನ ಮುಂದಿನವನು.

“ಹಳೇದಪ್ಪ. ಬ್ರೇಕಿಲ್ಲ” ಎಂದೆ.

ಅವನು ನಕ್ಕು “ಬನ್ನಿ, ಮುಂದೆ ಹೋಗಿ, ನಿಲ್ಲೋಕಾಗಲ್ಲ ನಿಮಗೆ” ಎಂದು ಜಾಗ ಬಿಟ್ಟ. ಅವನ ಮುಂದಿನವನೂ ಬಿಟ್ಟ. ಸಾಲಿನಲ್ಲಿ ನಿಂತು ಮಾತು ಜೋಡಿಸಿಕೊಳ್ಳಬೇಕೆಂದಿದ್ದೆ. ಅವರ ಒಳ್ಳೆಯತನ ನನ್ನನ್ನು ಒಂದೇ ನಿಮಿಷದಲ್ಲಿ ಕಟ್ಟೆಯ ಮುಂದೆ ತಂದು ನಿಲ್ಲಿಸಿತು.

ಮಗಳು ತಲೆಯೆತ್ತಿದಳು. ಮುಖದಲ್ಲಿ ಏನೂ ತೋರಗೊಡಲಿಲ್ಲ. “ಏನು ಬೇಕು?” ಎಂದು ಎಲ್ಲರನ್ನೂ ಕೇಳುವ ಹಾಗೆ ಕೇಳಿದಳು.

ಹಿಂದೆ ಜನರಿದ್ದರು. ಅವಳ ವಿಷಯವನ್ನು ಇಲ್ಲಿಯೂ ಬಿಚ್ಚುವ ಹಾಗಿರಲಿಲ್ಲ. ಕಟ್ಟೆಯ ಮೇಲೆ ಬಾಗಿ, ಅವಳಿಗೆ ಮಾತ್ರ ಕೇಳುವಂತೆ ಹೇಳಿದೆ.

“ಹೇಳಿದ್ದು ನಾನು. ಬೇರೆ ಯಾರೂ ಅಲ್ಲ. ಬೇಡ ಅಂತ ನೀನು ಹೇಳಿದ್ದೆ, ಆದ್ರೂ ಹೇಳಿದೆ. ನನ್ನ ಭಯ ನನಗೆ ತಡ್ಕೊಳ್ಳೋಕಾಗಲಿಲ್ಲ. ನಿನ್ನ ಒಳ್ಳೇದಕ್ಕಲ್ಲ.”

ಅವಳು ಸೌಟನ್ನು ಪಾತ್ರೆಯ ಅಂಚಿಗೆ ಒರಗಿಸಿದಳು. ನನ್ನ ಮುಖ ನೋಡಲಿಲ್ಲ, ಹೆಗಲ ಮೇಲಿನಿಂದ ಸಾಲನ್ನು ನೋಡಿದಳು.

“ಮನೆಗೆ ಬಾ ಅಂತ ಕೇಳೋಕೆ ಬಂದ್ಯಾ?”

“ಇಲ್ಲ. ಇಷ್ಟೇ ಹೇಳೋಕೆ.”

“ನಾನು ಬರಲ್ಲಮ್ಮ. ಈಗ ಬರಲ್ಲ.”

“ಆಯ್ತು.”

“ನಿನಗೆ ನನ್ನ ಯಾವ ವಿಷಯಾನೂ ಹೇಳಲ್ಲ ಇನ್ನು.”

“ಆಯ್ತು” ಎಂದೆ. ಅದು ನ್ಯಾಯವಾಗಿತ್ತು. ತಿರುಗಿ ಹೊರಟೆ.

“ನಿಲ್ಲು” ಎಂದಳು.

ತಟ್ಟೆಯೊಂದನ್ನು ತೆಗೆದು, ಒದ್ದೆಯಿತ್ತೇನೋ, ತನ್ನ ಏಪ್ರನ್ನಿನ ತುದಿಯಿಂದ ಒರೆಸಿದಳು. ಬೇಯಿಸಿದ ತರಕಾರಿ ಹಾಕಿದಳು, ಒಂದು ಮೊಟ್ಟೆ ಇಟ್ಟಳು. ಬ್ರೆಡ್ಡಿನ ಎರಡು ಹೋಳು ತೆಗೆದುಕೊಂಡಳು. ಹಿಂದಿನವನು “ಸಿಸ್ಟರ್, ನಮಗೂ ಹೊಟ್ಟೆ ಇದೆ” ಎಂದ. “ಗೊತ್ತು, ಬಸ್ಸಿಗಿಂತ ಜೋರಾಗಿ ಸದ್ದು ಮಾಡ್ತಿದೆ, ತಾಳಿ” ಎಂದಳು. ಆ ದನಿಯಲ್ಲಿ ಅವಳ ಹಳೆಯ ನಗೆಯ ಎಳೆಯಿತ್ತು. ಅದು ನನಗಾಗಿ ಅಲ್ಲ, ಅವನಿಗಾಗಿ. ನನ್ನ ಹಲ್ಲಿಗೆ ಬ್ರೆಡ್ಡಿನ ಅಂಚು ಗಟ್ಟಿಯೆಂದು ಚಾಕು ತೆಗೆದುಕೊಂಡು ನಾಲ್ಕೂ ಕಡೆ ಕತ್ತರಿಸಿದಳು, ಅವಸರ ಮಾಡದೆ. ಆಮೇಲೆ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಕಟ್ಟೆಯ ಈಚೆಗೆ ನನ್ನ ಕೈಗೆ ಕೊಟ್ಟಳು.